ಬೆಲೆಯೂ ವೆಚ್ಚವೂ: ತಾಳಮಲೆಯ ಸೀಮೆಯಲ್ಲಿ ಉರುವಲು, ಬೆಳಕು ಮತ್ತು ಕಾಡು

ತಮಿಳುನಾಡಿನ ಈರೋಡು ಜಿಲ್ಲೆಯ ವಾಯವ್ಯದ ಅಂಚಿನಲ್ಲಿ, ಕರ್ನಾಟಕದ ಚಾಮರಾಜನಗರಕ್ಕೆ ತಾಗಿಕೊಂಡು, ತಾಳವಾಡಿ ಸೀಮೆಯಿದೆ. ತೆಂಕಣಕ್ಕೆ ಮೋಯಾರು ನದಿಯ ಆಳವಾದ ಕಮರಿ, ಸತ್ಯಮಂಗಲದ ದಿಕ್ಕಿಗೆ ದಿಂಬಂ ಘಾಟಿ, ಇವುಗಳ ಮೇಲೆ ಹರಡಿಕೊಂಡಿರುವುದು ತಾಳಮಲೆಯ ಕಾಡು. ಬಯಲಿನ ಊರುಗಳಲ್ಲಿ ಕನ್ನಡವೇ ಮನೆಮಾತು. ಕಾಡಿನ ನಡುವಣ ಹಾಡಿಗಳಲ್ಲಿ ಊರಾಳಿ, ಸೋಲಿಗ ಮತ್ತು ಇರುಳ ಸಮುದಾಯದವರಿದ್ದಾರೆ. ತಾಳವಾಡಿಯಿಂದ ಚಾಮರಾಜನಗರಕ್ಕೆ ಸುಮಾರು 25 ಕಿಲೋಮೀಟರು. ಜಿಲ್ಲಾ ಕೇಂದ್ರವಾದ ಈರೋಡಾದರೋ 27 ತಿರುವುಗಳ ಘಾಟಿಯನ್ನಿಳಿದು ನೂರಕ್ಕೂ ಹೆಚ್ಚು ಕಿಲೋಮೀಟರು. ಈ ಸೀಮೆಯ ಜನರು ಬೆಳಕಿಗೆ, ಅಡುಗೆಗೆ, ಸಾಗಣೆಗೆ ತೆರುತ್ತಿರುವುದೇನು ಎಂಬುದನ್ನು ಪರಿಶೀಲಿಸುವುದು ಈ ಪಾಠದ ಉದ್ದೇಶ.

ಬೆಲೆ ಬೇರೆ, ವೆಚ್ಚ ಬೇರೆ

ಆಡುಮಾತಿನಲ್ಲಿ ಒಂದೇ ಅರ್ಥದಲ್ಲಿ ಬಳಕೆಯಾಗುವ ಈ ಎರಡು ಪದಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಮಾರುವವನು ಹೇಳುವುದು ಬೆಲೆ. ವಸ್ತುವು ಕೈಸೇರಿ ಉಪಯೋಗಕ್ಕೆ ಬರುವವರೆಗೆ ಕೊಳ್ಳುವವನು ಹಣ, ಹೊತ್ತು, ಮೈದುಡಿಮೆಗಳ ರೂಪದಲ್ಲಿ ತೆರುವುದೆಲ್ಲ ವೆಚ್ಚ.

ವಿದ್ಯುತ್ತಿನ ಬೆಲೆಯನ್ನೇ ನೋಡಬಹುದು. ಗೃಹಬಳಕೆಯ ದರವು ರಾಜ್ಯದಾದ್ಯಂತ ಒಂದೇ. ಚೆನ್ನೈಯ ಮನೆಗೆ ಇರುವ ದರವೇ ತಾಳಮಲೆಯ ಮನೆಗೂ ಇದೆ. 2016ರಿಂದ ತಮಿಳುನಾಡಿನಲ್ಲಿ ಎರಡು ತಿಂಗಳಿಗೆ ಮೊದಲ 100 ಯೂನಿಟ್ಟುಗಳು ಉಚಿತ. 9 ವಾಟ್ ಎಲ್‌ಇಡಿ ದೀಪವೊಂದು ದಿನಕ್ಕೆ ಐದು ಗಂಟೆ ಉರಿದರೆ ಎರಡು ತಿಂಗಳಿಗೆ ತಗಲುವುದು 2.7 ಯೂನಿಟ್ಟು ಮಾತ್ರ. ಮೂರು ದೀಪಗಳಿಗೆ ಎಂಟು ಯೂನಿಟ್ಟು ಸಾಕು. ಹೀಗೆ ಕಾಗದದ ಮೇಲೆ ಬೆಳಕಿಗೆ ಬೆಲೆಯೇ ಇಲ್ಲ.

ಆದರೆ ಈ ಉಚಿತವು ಮೀಟರಿನವರೆಗೆ ತಂತಿ ಬಂದವರಿಗೆ ಸಲ್ಲತಕ್ಕದ್ದು. ತಂತಿ ಬಾರದ ಹಾಡಿಯಲ್ಲಿ, ಅಥವಾ ಬಂದ ತಂತಿ ಮಳೆಗಾಳಿಗೆ ಹರಿದು ದಿನಗಟ್ಟಲೆ ದುರಸ್ತಿಯಾಗದೆ ಇರುವಲ್ಲಿ, ಬೆಳಕು ಮತ್ತೆ ಎಣ್ಣೆಬುಡ್ಡಿ, ಬ್ಯಾಟರಿ, ಮೇಣದಬತ್ತಿಗಳ ಮೂಲಕವೇ ಬರಬೇಕು. ಯೂನಿಟ್ಟಿನ ಲೆಕ್ಕದಲ್ಲಿ ಅಳೆದರೆ ಅತ್ಯಂತ ದುಬಾರಿಯಾದ ಬೆಳಕು ಇವುಗಳದ್ದೇ. ಸೌರದೀಪದ ಹಲಗೆ ಬಹುಕಾಲ ಬಾಳುತ್ತದೆ, ನಿಜ. ಅದರ ಬ್ಯಾಟರಿಯನ್ನು ಕೆಲವೇ ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಹೊಸದು ಕೊಳ್ಳುವ ಹಣವೂ ದುರಸ್ತಿ ಬಲ್ಲವನೂ ಹತ್ತಿರವಿಲ್ಲದಿದ್ದರೆ ದೀಪವು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಕೃಷಿಯಲ್ಲಿಯೂ ಇದೇ ವ್ಯತ್ಯಾಸ ಕಾಣುತ್ತದೆ. ತಮಿಳುನಾಡಿನಲ್ಲಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಕೊಳವೆಬಾವಿ ತೋಡಿಸಿ ಸಂಪರ್ಕ ಪಡೆದವನಿಗೆ ಇದು ದೊಡ್ಡ ನೆರವು. ಮಳೆ ನಂಬಿ ರಾಗಿ ಬಿತ್ತುವವನಿಗೆ ಇದರಿಂದ ದೊರೆಯುವುದೇನೂ ಇಲ್ಲ. ಸಂಪರ್ಕಕ್ಕಾಗಿ ಕಾದಿರುವವನು ಡೀಸೆಲ್ ಸುಡುತ್ತಾನೆ. ಆನೆಹಂದಿಗಳಿಂದ ಬೆಳೆ ಕಾಯುವ ಸೌರಬೇಲಿಯೂ ರೈತನ ಶಕ್ತಿವೆಚ್ಚದ ಭಾಗವೇ. ಬಯಲುಸೀಮೆಯ ರೈತನ ಲೆಕ್ಕದಲ್ಲಿ ಆ ಬಾಬತ್ತು ಇರುವುದಿಲ್ಲ.

ಸೌದೆಯ ಲೆಕ್ಕ

ಸೌದೆ, ಪುಳ್ಳೆ, ಬೆರಣಿ, ಕೊಳ್ಳಿ, ಉರುವಲು: ಇಂಧನಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬಡತನವಿಲ್ಲ. ಹಣ ಕೊಡದೆ ತರುವುದರಿಂದ ಸೌದೆಯನ್ನು ಬಿಟ್ಟಿ ಎಂದು ಭಾವಿಸುವುದು ರೂಢಿ. ಇದು ನಿಜವೇ ಎಂಬುದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು.

ಅಡುಗೆ ಅನಿಲದ ಸಿಲಿಂಡರಿನಲ್ಲಿರುವುದು 14.2 ಕಿಲೋ ಅನಿಲ. ಒಂದು ಕಿಲೋ ಅನಿಲದಲ್ಲಿ ಸುಮಾರು 46 ಮೆಗಾಜೌಲ್ ಶಾಖವಿದ್ದು, ಒಲೆಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಪಾತ್ರೆಗೆ ತಲುಪುತ್ತದೆ. ಒಣಸೌದೆಯ ಒಂದು ಕಿಲೋದಲ್ಲಿ ಸುಮಾರು 16 ಮೆಗಾಜೌಲ್ ಶಾಖವಿದ್ದರೂ, ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಅದರ ಎಂಟನೆಯ ಒಂದು ಪಾಲಿನಷ್ಟು. ಉಳಿದುದು ಗಾಳಿಗೆ, ಹೊಗೆಗೆ. ಗುಣಿಸಿ ನೋಡಿದರೆ ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 180 ಕಿಲೋ ಸೌದೆ ಬೇಕು. ಇಪ್ಪತ್ತು ಕಿಲೋದ ಹೊರೆಯೆಂದರೆ ಒಂಬತ್ತು ಹೊರೆ. ಒಂದೊಂದು ಹೊರೆಗೂ ಅರ್ಧ ದಿನ ಹಿಡಿದರೆ ನಾಲ್ಕೂವರೆ ದಿನದ ದುಡಿಮೆ. ಇದಕ್ಕೆ ಕಾಡಿನಲ್ಲಿ ಆನೆಯ ಭಯವನ್ನೂ, ಒಲೆಯ ಮುಂದಿನ ಹೊಗೆಯನ್ನೂ ಸೇರಿಸಬೇಕು. ಈ ವೆಚ್ಚವನ್ನು ಹೆಚ್ಚಾಗಿ ತೆರುವವರು ಮನೆಯ ಹೆಂಗಸರು.

ಈ ಸತ್ಯವನ್ನು ಅಂಕಿಗಳಲ್ಲಿ ತೋರಿಸಿಕೊಟ್ಟವರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಮೊದಲಿಗರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅವರು ಆರಂಭಿಸಿದ ‘ಅಸ್ತ್ರ’ ಎಂಬ ಘಟಕವು ತುಮಕೂರು ಜಿಲ್ಲೆಯ ಉಂಗ್ರ ಪ್ರದೇಶದ ಹಳ್ಳಿಗಳ ಶಕ್ತಿಬಳಕೆಯನ್ನು ಮನೆಮನೆಗೆ ಹೋಗಿ ಅಳೆಯಿತು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಅದೂ ಅಡುಗೆಗಾಗಿ. ಮಾನವ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು ಎಂದು ಆ ಅಧ್ಯಯನ ತಿಳಿಸಿತು. ಸೌದೆ ಉಳಿಸಿ ಹೊಗೆಯನ್ನು ಹೊರಹಾಕುವ ‘ಅಸ್ತ್ರ ಒಲೆ’ ಹುಟ್ಟಿದ್ದು ಇದೇ ಘಟಕದಲ್ಲಿ.

ದಾರಿಯ ವೆಚ್ಚ

ತಾಳವಾಡಿಯ ಕೋಸು, ಟೊಮೆಟೊ, ಬಾಳೆಗಳು ತಮಿಳುನಾಡಿನ ಮಾರುಕಟ್ಟೆಗೆ ಹೋಗಬೇಕಾದರೆ ದಿಂಬಂ ಘಾಟಿಯನ್ನು ಇಳಿಯಲೇಬೇಕು. ವನ್ಯಪ್ರಾಣಿಗಳು ವಾಹನಗಳಿಗೆ ಸಿಲುಕಿ ಸಾಯುವುದನ್ನು ತಡೆಯಲು, ಮದ್ರಾಸ್ ಹೈಕೋರ್ಟಿನ ಆದೇಶದಂತೆ, 2022ರ ಫೆಬ್ರವರಿ 10ರಿಂದ ಈ ಹೆದ್ದಾರಿಯಲ್ಲಿ ರಾತ್ರಿ ಸಂಚಾರವನ್ನು ನಿರ್ಬಂಧಿಸಲಾಯಿತು. ತಾಳವಾಡಿಯ ರೈತರು, ವರ್ತಕರು ಪ್ರತಿಭಟಿಸಿದರು. ಮುಂದೆ ನಿಯಮದಲ್ಲಿ ಕೆಲವು ಸಡಿಲಿಕೆಗಳಾದವು. ಈ ಪ್ರಸಂಗದಲ್ಲಿ ಎರಡು ಪಕ್ಷಗಳಿಗೂ ಹುರುಳಿದೆ. ರಾತ್ರಿ ಪ್ರಾಣಿಗಳ ಹೊತ್ತು. ಆದರೆ ಬೆಳಗಿನ ಮಾರುಕಟ್ಟೆಗೆ ತರಕಾರಿ ಸಾಗಬೇಕಾದ ಹೊತ್ತೂ ಅದೇ.

ಪೆಟ್ರೋಲು, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಆದ್ದರಿಂದ ಅವುಗಳ ಬೆಲೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಡಿಯ ರೈತನು ಎರಡು ಬೆಲೆ, ಎರಡು ಮಾರುಕಟ್ಟೆ, ಎರಡು ದಾರಿಗಳನ್ನು ತೂಗಿನೋಡುತ್ತಲೇ ಬದುಕುತ್ತಾನೆ.

ಕಾಡು, ಕಾನೂನು, ಗ್ರಾಮಸಭೆ

ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಕಾಡಿನೊಳಗೆ ಹೊಸ ಕಂಬ ನೆಡುವುದು ಅಂದಿನಿಂದ ಇನ್ನಷ್ಟು ಕಠಿಣವಾಯಿತು. ಜೋತುಬಿದ್ದ ತಂತಿ ಆನೆಯನ್ನು ಕೊಲ್ಲಬಲ್ಲುದಾದ್ದರಿಂದ ಅರಣ್ಯ ಇಲಾಖೆಯ ಎಚ್ಚರಿಕೆಯನ್ನು ಅಲ್ಲಗಳೆಯಲಾಗದು. ಹಾಗೆಂದು ಹಾಡಿಗಳು ಕತ್ತಲೆಯಲ್ಲಿಯೇ ಇರಬೇಕೆಂದು ಕಾನೂನು ಹೇಳುವುದಿಲ್ಲ.

2006ರ ಅರಣ್ಯ ಹಕ್ಕು ಕಾಯಿದೆಯ 3(2)ನೆಯ ಪ್ರಕರಣವು ಶಾಲೆ, ರಸ್ತೆ, ಕುಡಿಯುವ ನೀರು ಮುಂತಾದ ಹದಿಮೂರು ಬಗೆಯ ಸೌಕರ್ಯಗಳಿಗೆ ಕಾಡಿನ ನೆಲವನ್ನು ಬಳಸಲು ಅವಕಾಶ ಕೊಟ್ಟಿದೆ. ವಿದ್ಯುತ್ ಮತ್ತು ದೂರವಾಣಿ ತಂತಿಗಳೂ ಅಸಾಂಪ್ರದಾಯಿಕ ಶಕ್ತಿಮೂಲಗಳೂ ಆ ಪಟ್ಟಿಯಲ್ಲಿವೆ. ನಿಬಂಧನೆಗಳು ಮೂರು: ನೆಲವು ಒಂದು ಹೆಕ್ಟೇರಿಗಿಂತ ಕಡಿಮೆಯಿರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯು ಶಿಫಾರಸು ಮಾಡಬೇಕು. ಮೂರನೆಯದು ಜನರ ಕೈಯಲ್ಲಿಯೇ ಇರುವ ಅಧಿಕಾರ. ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆಯೇ ಸಮುದಾಯ ಅರಣ್ಯ ಹಕ್ಕುಗಳನ್ನು ಪಡೆದುದು ಈ ಕಾಯಿದೆಯ ಬಲದಿಂದ.

ಸಂಪನ್ಮೂಲ ಯಾರಿಗಾಗಿ?

ಈ ಬೆಟ್ಟಗಳ ಬಡಗಣಕ್ಕೆ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಅದು ಸುಮಾರು 148 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಯನ್ನು ಸೇರಿತು. 1905ರಲ್ಲಿ ಬೆಂಗಳೂರನ್ನು ಬೆಳಗಿಸಿತು. ಆ ತಂತಿಯನ್ನು ಎಳೆದದ್ದು ದಾರಿಯ ಹಳ್ಳಿಗಳಿಗಾಗಿ ಅಲ್ಲ. ಸಂಪನ್ಮೂಲವು ಹತ್ತಿರವಿದ್ದ ಮಾತ್ರಕ್ಕೆ ಹತ್ತಿರದವರಿಗೆ ದಕ್ಕುವುದಿಲ್ಲವೆಂಬುದಕ್ಕೆ ಇದು ಹಳೆಯ ನಿದರ್ಶನ.

ಇನ್ನೊಂದು ನಿದರ್ಶನ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯದು. ಅಲ್ಲಿ ‘ಅಸ್ತ್ರ’ದವರು ಸಮುದಾಯ ಗೋಬರ್ ಅನಿಲ ಘಟಕವನ್ನು ಮೊದಲು ಅಡುಗೆಗೆಂದು ಯೋಜಿಸಿದರು. ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲದೆಹೋಯಿತು. ಅದೇ ಅನಿಲದಿಂದ 1987ರಲ್ಲಿ ವಿದ್ಯುತ್ ತಯಾರಿಸಿ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸಿದಾಗ ಯೋಜನೆ ನೆಲೆನಿಂತಿತು. ಸಗಣಿ ಕೊಟ್ಟವರಿಗೆ ಗೊಬ್ಬರ ಹಿಂದಿರುಗಿತು, ಊರವರೇ ಘಟಕವನ್ನು ನಡೆಸಿದರು. ಜನರಿಗೆ ಮೊದಲು ಬೇಕಾದುದು ಯಾವುದೆಂದು ಕೇಳಿ ತಿಳಿದುದೇ ಅದರ ಯಶಸ್ಸಿನ ಗುಟ್ಟು.

ಭಾಷೆಯ ಪಾತ್ರ

ಈ ಕೇಳುವ ಕೆಲಸ ಯಾವ ಭಾಷೆಯಲ್ಲಿ ನಡೆಯಬೇಕು? ತಾಳವಾಡಿಯಲ್ಲಿ ಆಡಳಿತದ ಭಾಷೆ ತಮಿಳು. 2006ರ ತಮಿಳು ಕಲಿಕೆ ಕಾಯಿದೆಯ ತರುವಾಯ ಹೊಸ ತಲೆಮಾರು ಶಾಲೆಯಲ್ಲಿ ತಮಿಳನ್ನು ಓದುತ್ತಿದೆ. ಹಿಂದೆ ಕನ್ನಡ ಶಾಲೆಗಳಲ್ಲಿ ಓದಿದ ಹಿರಿಯರಿಗೂ, ಶಾಲೆಯನ್ನೇ ಕಾಣದ ಹಾಡಿಯ ಹೆಂಗಸರಿಗೂ ಅರ್ಜಿ, ರಸೀದಿ, ನಡಾವಳಿಗಳು ಅಪರಿಚಿತ ಅಕ್ಷರಗಳೇ. ಗ್ರಾಮಸಭೆಯ ನಿರ್ಣಯಕ್ಕೆ ಬೆರಳೊತ್ತುವವರು ಅದರ ಒಕ್ಕಣೆಯನ್ನು ಅರಿಯದಿದ್ದರೆ ಕಾಯಿದೆಯು ಕೊಟ್ಟ ಅಧಿಕಾರ ಅವರ ಕೈಗೆ ಬಂದಂತಾಗುವುದಿಲ್ಲ. ಅರ್ಜಿಯನ್ನು ಓದಿ ಹೇಳುವ, ನಿರ್ಣಯವನ್ನು ಜನರ ನುಡಿಯಲ್ಲಿ ಬಿಡಿಸುವ ಎರಡು ಭಾಷೆ ಬಲ್ಲ ಯುವಕ ಯುವತಿಯರು ಇಲ್ಲಿ ಕಂಬ ತಂತಿಗಳಷ್ಟೇ ಅಗತ್ಯ. ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಇದು ನೇರವಾಗಿ ಸಂಬಂಧಿಸಿದ ಕೆಲಸ.

ಅಭ್ಯಾಸಕ್ಕೆ

1. ನಿಮ್ಮ ಊರಿನ ಒಂದು ಮನೆಯಲ್ಲಿ ಒಂದು ವಾರ ಅಡುಗೆಗೆ ಬಳಸುವ ಇಂಧನವನ್ನು ತೂಗಿ, ಅದನ್ನು ತರಲು ಹಿಡಿದ ಹೊತ್ತನ್ನೂ ತಂದವರಾರೆಂಬುದನ್ನೂ ಬರೆದಿಡಿರಿ.

2. ಉರುವಲು, ಒಲೆ, ದೀಪಗಳಿಗೆ ಸಂಬಂಧಿಸಿದ ಪದಗಳನ್ನು ಹಿರಿಯರಿಂದ ಸಂಗ್ರಹಿಸಿರಿ. ಅವುಗಳಲ್ಲಿ ಯಾವುವು ಕಿರಿಯರ ಮಾತಿನಲ್ಲಿ ಉಳಿದಿಲ್ಲ?

3. ಅರಣ್ಯ ಹಕ್ಕು ಕಾಯಿದೆಯ 3(2)ನೆಯ ಪ್ರಕರಣವನ್ನು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಎಲ್ಲರಿಗೂ ತಿಳಿಯುವಂತೆ, ಒಂದು ಪುಟದ ಸರಳಗನ್ನಡದಲ್ಲಿ ಬರೆಯಿರಿ.