ಪರ್ಥೆಸ್ ರೋಗವೂ ಕಾಲಿನ ಪಟ್ಟಿಯೂ

ಕುಂಟುತ್ತ ಬರುವ ಬಾಲಕನು ಮೊಣಕಾಲನ್ನು ಮುಟ್ಟಿ ‘ಇಲ್ಲಿ ನೋವು’ ಎಂದರೆ ಮನೆಯವರು ಅಲ್ಲಿಗೇ ಎಣ್ಣೆ ತಿಕ್ಕುವರು. ಆದರೆ ಸೊಂಟದ ಕೀಲಿನ ರೋಗವು ಎಷ್ಟೋ ವೇಳೆ ಮೊಣಕಾಲಿನ ನೋವಾಗಿಯೇ ತೋರುವುದುಂಟು. ಅಂಥ ರೋಗಗಳಲ್ಲಿ ಪರ್ಥೆಸ್ ಎಂಬುದೊಂದು.

ತೊಡೆಯೆಲುಬಿನ ಮೇಲ್ತುದಿಯು ಚೆಂಡಿನಂತೆ ದುಂಡಾಗಿದ್ದು, ಸೊಂಟದೆಲುಬಿನ ಬಟ್ಟಲಿನೊಳಗೆ ಕುಳಿತು ತಿರುಗುತ್ತದೆ. ಕೆಲವು ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಈ ಚೆಂಡಿಗೆ ರಕ್ತದ ಪೂರೈಕೆ ಕುಂದುತ್ತದೆ. ಎಲುಬು ಸತ್ತು ಮೆತ್ತಗಾಗುತ್ತದೆ. ರಕ್ತವು ಮರಳಿದ ಮೇಲೆ ಕೆಲವು ವರ್ಷಗಳಲ್ಲಿ ಹೊಸ ಎಲುಬು ಬೆಳೆಯುತ್ತದೆ. 1910ರಲ್ಲಿ ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥೆಸ್ ಎಂಬ ವೈದ್ಯರು ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ಇದನ್ನು ಪರದೇಶದ ಬೇನೆಯೆಂದು ನಾವು ತಿಳಿಯಲಾಗದು. ಕರ್ನಾಟಕದ ಕರಾವಳಿಯಲ್ಲಿ ಇದು ಹೆಚ್ಚೆಂದು ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಪಶ್ಚಿಮದಲ್ಲಿ ನಾಲ್ಕರಿಂದ ಎಂಟರ ವಯಸ್ಸಿನಲ್ಲಿ ಹೆಚ್ಚಾಗಿ ತೋರುವ ರೋಗವು ಅಲ್ಲಿ ತುಸು ತಡವಾಗಿ ಕಾಣಿಸಿಕೊಳ್ಳುತ್ತದೆ.

ಇಡ್ಲಿಯ ಹಿಟ್ಟು ತಟ್ಟೆಯ ಗುಳಿಯ ಆಕಾರವನ್ನೇ ತಾಳುವುದಷ್ಟೆ? ಮೆತ್ತಗಾದ ಚೆಂಡು ಬಟ್ಟಲಿನೊಳಗೆ ಪೂರ್ತಿಯಾಗಿ ನಿಂತರೆ ದುಂಡಾಗಿಯೇ ಗಟ್ಟಿಯಾದೀತೆಂದು ವೈದ್ಯರು ಎಣಿಸಿದರು. ಕಾಲುಗಳನ್ನು ಅಗಲಿಸಿದರೆ ಚೆಂಡು ಒಳಗೆ ಸೇರುತ್ತದೆ. ಅದಕ್ಕಾಗಿ ಎರಡು ಕಾಲಿಗೂ ಪ್ಲಾಸ್ಟರು ಹಾಕಿ, ನಡುವೆ ಅಡ್ಡಕೋಲು ಕಟ್ಟಿದರು. ಬಳಿಕ ಅಮೆರಿಕದ ಅಟ್ಲಾಂಟದಲ್ಲಿ ಸೊಂಟಕ್ಕೂ ತೊಡೆಗಳಿಗೂ ಪಟ್ಟಿ, ನಡುವೆ ಲೋಹದ ಸರಳು ಇರುವ ಸಾಧನ ಬಂದಿತು. ಅದನ್ನು ತೊಟ್ಟು ಮಗು ನಡೆಯಬಹುದಾಗಿತ್ತು. ಆದರೂ ಕಾಲು ಚಾಚಿಕೊಂಡು ಶಾಲೆಯ ಬೆಂಚಿನಲ್ಲಿ ತಿಂಗಳುಗಟ್ಟಲೆ ಕುಳಿತ ಬಾಲಕನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಎಲುಬು ಹೇಗೂ ತಾನಾಗಿಯೇ ಮರಳಿ ಬೆಳೆಯುವುದರಿಂದ, ಗುಣವಾದುದು ಪಟ್ಟಿಯಿಂದಲೋ ಕಾಲದಿಂದಲೋ ಎಂಬ ಸಂಶಯ ಸಹಜವೇ. 1992ರಲ್ಲಿ ಅಮೆರಿಕದ ಎರಡು ತಂಡಗಳು ಈ ಪಟ್ಟಿಯ ಫಲವನ್ನು ಪ್ರಶ್ನಿಸಿದವು. ಪಟ್ಟಿ ತೊಟ್ಟವರಿಗೂ ಕೇವಲ ವ್ಯಾಯಾಮ ಮಾಡಿದವರಿಗೂ ಫಲದಲ್ಲಿ ಅಂತರವಿಲ್ಲವೆಂದು 2004ರಲ್ಲಿ ಹೆರಿಂಗ್ ಮೊದಲಾದವರೂ 2008ರಲ್ಲಿ ನಾರ್ವೆಯ ವೈದ್ಯರೂ ತೋರಿಸಿದರು. ದೊಡ್ಡ ಮಕ್ಕಳಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯು ಮೇಲೆನಿಸಿತು. ಚಿಕ್ಕವರಲ್ಲಿ ಅನೇಕರು ಅದಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ. ಹುಟ್ಟಿನಿಂದಲೇ ಸೊಂಟದ ಕೀಲು ಜಾರಿದ ಹಸುಳೆಗಳಿಗೆ ಕಟ್ಟುವ ಮೆತ್ತನೆಯ ‘ಪಾವ್ಲಿಕ್’ ಪಟ್ಟಿಯಾದರೋ ಬೇರೆಯೇ. ಬೇಗನೆ ಕಟ್ಟಿದರೆ ಅದು ಇಂದಿಗೂ ಒಳ್ಳೆಯ ಫಲ ಕೊಡುತ್ತಿದೆ.

ಆದುದರಿಂದ ಕುಂಟುವಿಕೆಯು ವಾರವೆರಡು ವಾರ ಬಿಡದಿದ್ದರೆ ನೀವು ಮನೆಯಲ್ಲಿ ಹೇಳಬೇಕು. ಜ್ವರವಿದ್ದರೆ, ಕಾಲೂರಲು ಆಗದಿದ್ದರೆ ಅಂದೇ ಹೇಳಬೇಕು. ದೆಹಲಿಯಲ್ಲಿ 1956ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯೇ ಮೊದಲಾದ ಆಸ್ಪತ್ರೆಗಳಲ್ಲಿ ಎಲುಬು-ಕೀಲುಗಳ ವಿಭಾಗಗಳಿವೆ. ಅಲ್ಲಿ ಮೊಣಕಾಲನ್ನಷ್ಟೇ ಅಲ್ಲ, ಸೊಂಟದ ಕೀಲನ್ನೂ ಪರೀಕ್ಷಿಸಿ ಕ್ಷ-ಕಿರಣದ ಚಿತ್ರ ತೆಗೆಯುವರು. ರೋಗ ನಿಶ್ಚಯವಾದರೆ ಓಟ, ನೆಗೆತಗಳನ್ನು ಕೆಲಕಾಲ ಬಿಡಿಸಬಹುದು. ಈಜಿಗೂ ಸೈಕಲ್ ಸವಾರಿಗೂ ಸಾಮಾನ್ಯವಾಗಿ ಅಡ್ಡಿ ಹೇಳುವುದಿಲ್ಲ.