ಆಟಗಾರನ ಕಣ್ಣು ಮತ್ತು ಕಣ್ಣಿನ ವ್ಯಾಯಾಮ

“ಮಗ ಕ್ರಿಕೆಟ್ ಆಡುತ್ತಾನೆ, ಆದರೆ ಚೆಂಡು ತಪ್ಪಿಸಿಕೊಳ್ಳುತ್ತಾನೆ. ದೃಷ್ಟಿ ಚುರುಕಾಗಲು ವ್ಯಾಯಾಮವೇನಾದರೂ ಇದೆಯೇ?” ಎಂದು ಕೆಲವು ಪಾಲಕರು ಕೇಳುವುದುಂಟು. ಉತ್ತರಕ್ಕೆ ಮುನ್ನ, ಮೈದಾನದಲ್ಲಿ ಕಣ್ಣು ಏನು ಮಾಡುತ್ತದೆಂದು ತಿಳಿಯೋಣ.

ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರನ ಕೈಬಿಟ್ಟು ಬ್ಯಾಟಿನ ಬಳಿ ಬರಲು ಸುಮಾರು ಅರ್ಧ ಸೆಕೆಂಡು ಸಾಕು. ಕಂಡದ್ದಕ್ಕೆ ಕೈ ಸ್ಪಂದಿಸಲು ಅದರಲ್ಲಿ ಸುಮಾರು 0.2 ಸೆಕೆಂಡು ಕಳೆದುಹೋಗುತ್ತದೆ. ಹೀಗಾಗಿ ಚೆಂಡನ್ನು ಕೊನೆಯವರೆಗೂ ನೋಡಿ ಆಮೇಲೆ ಹೊಡೆಯುವುದು ಯಾರಿಂದಲೂ ಆಗದು. 2000ರಲ್ಲಿ ಇಂಗ್ಲೆಂಡಿನ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯೋಡ್ ಎಂಬ ವಿಜ್ಞಾನಿಗಳು ಬ್ಯಾಟ್ಸ್‌ಮನ್ನರ ತಲೆಗೆ ಚಿಕ್ಕ ಕ್ಯಾಮೆರಾ ಅಳವಡಿಸಿ ಇದನ್ನು ಪರೀಕ್ಷಿಸಿದರು. ಬ್ಯಾಟ್ಸ್‌ಮನ್ ಚೆಂಡು ಹೊರಡುವುದನ್ನು ನೋಡಿದ ಕೂಡಲೇ, ಅದು ಪುಟಿಯುವ ಜಾಗಕ್ಕೆ ಮೊದಲೇ ದೃಷ್ಟಿ ಹಾಯಿಸಿ ಕಾಯುತ್ತಾನೆ. ನುರಿತವನ ಕಣ್ಣು ಅಲ್ಲಿಗೆ ಇನ್ನೂ ಬೇಗ ಹೋಗುತ್ತದೆ. ಇದು ಕಣ್ಣಿನ ಶಕ್ತಿಗಿಂತ, ಸಾವಿರಾರು ಚೆಂಡುಗಳನ್ನು ಎದುರಿಸಿದ ಮೆದುಳಿನ ಲೆಕ್ಕಾಚಾರ.

ಮನ್ಸೂರ್ ಅಲಿ ಖಾನ್ ಪಟೌಡಿಯವರ ಬಲಗಣ್ಣಿನ ದೃಷ್ಟಿ 1961ರ ಕಾರು ಅಪಘಾತದಲ್ಲಿ ಬಹುಮಟ್ಟಿಗೆ ಹೋಯಿತು. ಒಂದು ಚೆಂಡು ಎರಡಾಗಿ ಕಾಣುತ್ತಿದ್ದರಿಂದ ಟೋಪಿಯನ್ನು ಆ ಕಣ್ಣಿನ ಮೇಲೆ ಎಳೆದುಕೊಂಡು ಆಡಿದರು. ಮರುವರ್ಷವೇ, 21ನೇ ವಯಸ್ಸಿನಲ್ಲಿ, ಭಾರತದ ನಾಯಕರಾದರು. 46 ಟೆಸ್ಟ್‌ಗಳಲ್ಲಿ 2,793 ರನ್ ಗಳಿಸಿದರು. (ಹಾಗೆಂದು ಒಂದೇ ಕಣ್ಣು ಸಾಕೆಂದು ಯಾರೂ ತಿಳಿಯಬಾರದು!)

ಇನ್ನು ವ್ಯಾಯಾಮದ ಮಾತು. 2001ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಕೆಲವರಿಗೆ ಕಣ್ಣಿನ ವ್ಯಾಯಾಮ ಮಾಡಿಸಿದರು, ಇನ್ನು ಕೆಲವರಿಗೆ ಟೆನಿಸ್ ಬಗ್ಗೆ ಓದಲು, ಟಿ.ವಿ.ಯಲ್ಲಿ ಪಂದ್ಯ ನೋಡಲು ಹೇಳಿದರು. ವ್ಯಾಯಾಮ ಮಾಡಿದವರ ಆಟ ಉಳಿದವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ಕಣ್ಣುಗುಡ್ಡೆ ತಿರುಗಿಸುವ ಅಭ್ಯಾಸಕ್ಕೆ ಹಣ ಸುರಿಯುವುದಕ್ಕಿಂತ ಮಗು ಮೈದಾನದಲ್ಲಿ ಕ್ಯಾಚ್ ಹಿಡಿಯುತ್ತಾ ಕಲಿಯುವುದೇ ಮೇಲು. ಎರಡೂ ಕಣ್ಣುಗಳ ಹೊಂದಾಣಿಕೆಯಲ್ಲಿ ದೋಷವಿದ್ದರೆ ಮಾತ್ರ ವೈದ್ಯರು ಹೇಳಿದ ವ್ಯಾಯಾಮವನ್ನು ತಪ್ಪದೆ ಮಾಡಿಸಿ.

ಮೊದಲು ಆಗಬೇಕಾದುದು ದೃಷ್ಟಿ ಪರೀಕ್ಷೆ, ಒಂದೊಂದು ಕಣ್ಣನ್ನೂ ಮುಚ್ಚಿ ಬೇರೆ ಬೇರೆಯಾಗಿ. ದೂರದ್ದು ಮಸುಕಾಗಿ ಕಾಣುವ ಮಗು ಅನೇಕ ಬಾರಿ ಅದನ್ನು ಹೇಳುವುದೇ ಇಲ್ಲ. ಎಲ್ಲರಿಗೂ ಲೋಕ ಹಾಗೆಯೇ ಕಾಣುತ್ತದೆಂದು ಭಾವಿಸಿರುತ್ತದೆ. ಆಟದ ಕನ್ನಡಕಕ್ಕೆ ಗಾಜು ಬೇಡ, ಪಾಲಿಕಾರ್ಬೊನೇಟ್ ಮಸೂರ ಹಾಕಿಸಿ.

ಚೆಂಡು, ಚಿನ್ನಿ ಕಣ್ಣಿಗೆ ಬಡಿದರೆ ಉಜ್ಜಬೇಡಿ, ಒತ್ತಿ ಕಟ್ಟಬೇಡಿ, ಹರಳೆಣ್ಣೆ, ಎದೆಹಾಲು ಹಾಕಬೇಡಿ. ನೋವು ಕಡಿಮೆಯಿದ್ದರೂ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.