ಕೋಳಿಗೆ ಆ್ಯಂಟಿಬಯಾಟಿಕ್ ಜಾಸ್ತಿಯಾದ್ರೆ ಬೂಷ್ಟು ರೋಗ ಯಾಕೆ ಬರುತ್ತೆ?

ದೇವರಾಜ ಮಾರ್ಕೆಟ್‌ಗೆ ಸೊಪ್ಪು ಹಾಕಿ ವಾಪಸ್ ಬರುವಾಗ ದೇವರಾಜ ಮೊಹಲ್ಲಾದ ಒಂದು ಅಂಗಡಿಯಲ್ಲಿ ಕೋಳಿ ಔಷಧಿ ತಗೊಳ್ಳೋದು ನನ್ನ ರೂಢಿ. ಹೋದ ಮಳೆಗಾಲದಲ್ಲಿ ನನ್ನ 150 ಗಿರಿರಾಜ ಮರಿಗಳಿಗೆ ಭೇದಿ ಶುರುವಾಯ್ತು. ಆಕ್ಸಿಟೆಟ್ರಾಸೈಕ್ಲಿನ್ ಪುಡಿ ತಂದು ನೀರಿಗೆ ಹಾಕಿದೆ. 5 ದಿನಕ್ಕೆ ಭೇದಿ ನಿಂತಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಮಳೆ ಬೇರೆ, ಇರಲಿ ಅಂತ 3 ವಾರ ಹಾಕಿದೆ. ಯಾರೂ ಹೇಳಿದ್ದಲ್ಲ, ನನ್ನದೇ ಬುದ್ಧಿ.

ಆಮೇಲೆ ಮರಿಗಳು ಮೇವು ಬಿಟ್ಟವು. ಕುತ್ತಿಗೆ ಬುಡದ ಕಾಳಿನ ಚೀಲ ಊದಿಕೊಂಡು, ಬಾಯಿ ಬಿಡಿಸಿದರೆ ಹುಳಿ ವಾಸನೆ. 22 ಸತ್ತವು. ಡಾಕ್ಟ್ರು ಸತ್ತ ಮರಿಯ ಚೀಲ ಕೊಯ್ದು ತೋರಿಸಿದರು. ಒಳಗೋಡೆ ಟರ್ಕಿ ಟವೆಲ್ ಥರ ಬೆಳ್ಳಗೆ, ದಪ್ಪಗೆ. “ಇದು ಕ್ಯಾಂಡಿಡಾ ಕಣಪ್ಪ, ಶಿಲೀಂಧ್ರ. ನೀನು ಹಾಕಿದ ಪುಡಿ ಇದಕ್ಕೆ ನಾಟೋದೇ ಇಲ್ಲ” ಅಂದರು.

ಕ್ಯಾಂಡಿಡಾ ಎಲ್ಲಿಂದಲೋ ಬಂದದ್ದಲ್ಲ. ಆರೋಗ್ಯವಂತ ಕೋಳಿಯ ಹೊಟ್ಟೆಯಲ್ಲೂ ಸ್ವಲ್ಪ ಇರುತ್ತೆ. ಕಾಳಿನ ಚೀಲದ ಗೋಡೆಗೆ ಅಂಟಿಕೊಂಡ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಜಾಗ ಹಿಡಿದು, ಆಮ್ಲ ಬಿಟ್ಟು ಅದನ್ನು ಅದುಮಿಟ್ಟಿರುತ್ತವೆ. ಕಳೆನಾಶಕ ಹೊಡೆದ ಖಾಲಿ ಹೊಲಕ್ಕೆ ಮೊದಲು ಪಾರ್ಥೇನಿಯಂ ಬರಲ್ವಾ? ಹಂಗೇ ಇದು.

ಆದರೆ ಜಾಗದ ಜಗಳ ಅರ್ಧ ಕಥೆ ಅಷ್ಟೇ. ಕರುಳಿನ ಸೂಕ್ಷ್ಮಜೀವಿಗಳು ದೇಹದ ಕಾವಲು ಕೋಶಗಳನ್ನೂ ಎಚ್ಚರವಾಗಿ ಇಡುತ್ತವೆ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳಿಗೆ ಬಹಳ ದಿನ ಆ್ಯಂಟಿಬಯಾಟಿಕ್ ಕೊಟ್ಟು, ಆಮೇಲೆ ಕ್ಯಾಂಡಿಡಾ ಸೋಂಕು ತಗುಲಿಸಿದರು. ಅವುಗಳ ಕರುಳಿನ ಕಾವಲು ಕೋಶಗಳು ಐಎಲ್-17 ಅನ್ನೋ ಎಚ್ಚರಿಕೆ ಸಂದೇಶವನ್ನೇ ಸರಿಯಾಗಿ ಕಳಿಸಲಿಲ್ಲ. ಕರುಳಿನ ಬ್ಯಾಕ್ಟೀರಿಯಾ ಕೂಡ ಮೈಯೊಳಗೆ ನುಗ್ಗಿ ಸಾವು ಹೆಚ್ಚಾಯ್ತು. ಇಲಿ ಕೋಳಿಯಲ್ಲ, ನಿಜ. ಆದರೂ ಬಹಳ ದಿನದ ಆ್ಯಂಟಿಬಯಾಟಿಕ್ ನಂತರ ಕೋಳಿಗೆ ಈ ರೋಗ ಬರೋದು ಪಶುವೈದ್ಯರಿಗೆ ಹಳೆಯ ವಿಷಯ.

ಇನ್‌ಕ್ಯುಬೇಟರ್ ಮರಿ ಸಾಕುವವರು ಇನ್ನೂ ಹುಷಾರಾಗಿರಬೇಕು. ತಾಯಿ ಜೊತೆ ಕೆದಕಿ ತಿಂದ ಮರಿಗೆ ಒಳ್ಳೆಯ ಜೀವಿಗಳು ತಾನಾಗೇ ಸಿಗುತ್ತವೆ, ಇವಕ್ಕೆ ಇಲ್ಲ. 1973ರಲ್ಲೇ ಫಿನ್ಲೆಂಡಿನ ನುರ್ಮಿ, ರಂಟಾಲಾ ಅನ್ನುವವರು ದೊಡ್ಡ ಕೋಳಿಯ ಕರುಳಿನ ಜೀವಿಗಳನ್ನು ಮರಿಗೆ ಕೊಟ್ಟು ಸಾಲ್ಮೊನೆಲ್ಲಾ ತಡೆದಿದ್ದರು. ಅದನ್ನು ಮನೆಯಲ್ಲಿ ಮಾಡಬೇಡಿ, ರೋಗವೂ ದಾಟುತ್ತೆ. ಮೊದಲ ವಾರ ಕೋಳಿಗೆಂದೇ ಇರುವ ಪ್ರೊಬಯಾಟಿಕ್ ಕೊಡಬಹುದು. ಮೊಸರು ಕೆಲವರು ಹಾಕ್ತಾರೆ, ರೋಗ ಬಂದ ಮೇಲೆ ಅದು ಮದ್ದಲ್ಲ.

ರೋಗ ಬಂದರೆ ಡಾಕ್ಟ್ರು ನಿಸ್ಟಾಟಿನ್ ಅಥವಾ ನೀರಿಗೆ ಮೈಲುತುತ್ತ ಹೇಳಬಹುದು. ಮೈಲುತುತ್ತ ಅಂದ ಕೂಡಲೇ ಅಡಿಕೆಗೆ ಬೋರ್ಡೋ ಮಾಡುವ ಅಳತೆ ನೆನಪಾದರೆ ಅಪಾಯ, ಅಷ್ಟು ಕೋಳಿಗೆ ವಿಷ. ಅವರು ಬರೆದುಕೊಟ್ಟಷ್ಟೇ ಹಾಕಿ. ನೀರಿನ ಡಬ್ಬಿ ದಿನಾ ಉಜ್ಜಿ, ಬೂಷ್ಟು ಹಿಡಿದ ಮೇವು ಎಸೀರಿ, ಒದ್ದೆ ಹೊಟ್ಟು ಬದಲಿಸಿ.

ಅಂಗಡಿಯಲ್ಲಿ ಹಳೆ ಸ್ಟಾಕ್ ಕೊಲಿಸ್ಟಿನ್ ಕೊಟ್ಟರೆ ಬೇಡ ಅನ್ನಿ. ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ನಾನೀಗ ಪೊಟ್ಟಣದ ಮೇಲೆ ಶುರು ಮಾಡಿದ ದಿನ, ನಿಲ್ಲಿಸೋ ದಿನ ಎರಡನ್ನೂ ಪೆನ್ನಲ್ಲಿ ಬರೀತೀನಿ. ಅನುಮಾನ ಬಂದರೆ ಮೊದಲು 1962ಕ್ಕೆ ಫೋನ್, ಆಮೇಲೆ ಅಂಗಡಿ.